ಹಸಿ ಹಾಲಿನ ಬಳಕೆ: ಪ್ರಚಲಿತ ನಂಬಿಕೆಗಳು ಮತ್ತು ವಸ್ತುಸ್ಥಿತಿ

ಕರುಗಳಿಗೆ ಲಸಿಕೆ, ಕಿವಿಯೋಲೆ ಹಾಗೂ ಹಾಲು ಮಾರಾಟದ ನೋಂದಣಿ ಕುರಿತು ವಿಚಾರಿಸಲು ಬರುವ ಸಾರ್ವಜನಿಕರು ಹಸಿ ಹಾಲಿನ ಬಗ್ಗೆಯೂ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ, ಎಲ್ಲರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾಯಿಸದ ಹಾಗೂ ಪಾಶ್ಚರೀಕರಿಸದ ಹಾಲನ್ನು ಇಲ್ಲಿ ಹಸಿ ಹಾಲು ಎಂದು ಕರೆಯಲಾಗಿದೆ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿಮಾಡಿ ಕೂಡಲೇ ತಂಪುಗೊಳಿಸುವುದಕ್ಕೆ ಪಾಶ್ಚರೀಕರಣವೆಂದು ಹೆಸರು. ಡೇರಿಗಳ ಪ್ಯಾಕೆಟ್ ಹಾಲು ಈ ಕ್ರಮಕ್ಕೆ ಒಳಪಟ್ಟಿರುತ್ತದೆ.

"ನಮ್ಮ ಮನೆಯ ಹಸು, ನಾವೇ ಮೇವು ಹಾಕುತ್ತೇವೆ, ಅದರ ಹಾಲಿಗೆ ಏನಾಗಬೇಕು?"

ಅತಿ ಹೆಚ್ಚಾಗಿ ಕೇಳಿಬರುವ ಮಾತು ಇದು. ಕರೆದ ಕೂಡಲೇ ಕುಡಿಯುವ ನೊರೆಹಾಲು ದೇಹಕ್ಕೆ ಬಲವೆಂಬ ನಂಬಿಕೆ ಗರಡಿ ಮನೆಗಳಿಂದ ಹಿಡಿದು ರೈತರ ಮನೆಗಳವರೆಗೂ ಇದೆ. ಹಸು ಮಾಲೀಕರ ಕಾಳಜಿಯಲ್ಲಿ ಸಂದೇಹವಿಲ್ಲ. ಆದರೆ ಹಾಲಿನ ಮೂಲಕ ಹರಡುವ ಮುಖ್ಯ ರೋಗಗಳು ಹಸುವಿನ ಮೇಲ್ನೋಟದಿಂದ ತಿಳಿಯುವಂಥವಲ್ಲ. ಕಂದು ಹಾಕುವ ರೋಗ (ಬ್ರುಸೆಲ್ಲೋಸಿಸ್) ತಗುಲಿದ ಹಸು ಚೆನ್ನಾಗಿ ಮೇಯುತ್ತದೆ, ಹಾಲನ್ನೂ ಕೊಡುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದಾಗ ಮಾತ್ರ ಮಾಲೀಕರಿಗೆ ಅನುಮಾನ ಬರುತ್ತದೆ. ಮುಂದಿನ ಬಾರಿ ಅದೇ ಹಸು ಸರಿಯಾಗಿ ಕರು ಹಾಕಬಹುದು. ಆಗಲೂ ಅದರ ಹಾಲಿನಲ್ಲಿ ರೋಗಾಣು ಬರುತ್ತಿರಬಹುದು. ದನಗಳ ಕ್ಷಯವೂ ಬಹುಕಾಲ ಹೀಗೆಯೇ ಅಡಗಿರುತ್ತದೆ.

ಈ ಅಂಶ ಹೊಸದಾಗಿ ತಿಳಿದದ್ದಲ್ಲ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು 1887ರಲ್ಲಿ ಡೇವಿಡ್ ಬ್ರೂಸ್ ಗುರುತಿಸಿದರೂ ಅದು ಎಲ್ಲಿಂದ ಬರುತ್ತಿದೆ ಎಂಬುದು 1905ರವರೆಗೆ ತಿಳಿಯಲಿಲ್ಲ. ಆ ವರ್ಷ ಥೆಮಿಸ್ಟೊಕ್ಲಿಸ್ ಜಮ್ಮಿತ್ ಅವರು ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲಿಯೇ ಸೋಂಕನ್ನು ಪತ್ತೆ ಮಾಡಿದರು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೆ ಜ್ವರದ ಪ್ರಕರಣಗಳು ತೀವ್ರವಾಗಿ ಇಳಿದವು.

ಮನುಷ್ಯರಲ್ಲಿ ಈ ರೋಗವು ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟದ ನೋವಾಗಿ ವಾರಗಟ್ಟಲೆ ಮುಂದುವರಿಯುತ್ತದೆ. ಟೈಫಾಯಿಡ್ ಅಥವಾ ವಾತವೆಂದು ಭಾವಿಸಿ ಕಾಲ ಕಳೆಯುವವರಿದ್ದಾರೆ. ಸಾಮಾನ್ಯವಾಗಿ 6 ವಾರಗಳ ಔಷಧಿ ಬೇಕಾಗುತ್ತದೆ. ಮನೆಯಲ್ಲಿ ಜಾನುವಾರು ಇರುವುದನ್ನು ಅಥವಾ ಹಸಿ ಹಾಲು ಕುಡಿದಿರುವುದನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ತಿಳಿಸತಕ್ಕದ್ದು.

"ಕಾಯಿಸಿದರೆ ಸತ್ವ ಹೋಗುತ್ತದೆ"

ಪ್ರೋಟೀನು, ಕೊಬ್ಬು ಹಾಗೂ ಸುಣ್ಣದಂಶ ಕಾಯಿಸಿದಾಗ ನಷ್ಟವಾಗುವುದಿಲ್ಲ. ಕೆಲವು ಬಿ ಜೀವಸತ್ವಗಳು ಮತ್ತು ಸಿ ಜೀವಸತ್ವ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಸಿ ಜೀವಸತ್ವಕ್ಕಾಗಿ ಹಾಲನ್ನು ಯಾರೂ ಅವಲಂಬಿಸುವುದಿಲ್ಲ. ಒಂದು ನೆಲ್ಲಿಕಾಯಿಯಲ್ಲಿ ಅದು ಬೇಕಾದಷ್ಟಿದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹಸಿ ಹಾಲು ಒಗ್ಗುತ್ತದೆ ಎಂಬುದೂ ಸರಿಯಲ್ಲ, ಏಕೆಂದರೆ ಉಬ್ಬರಕ್ಕೆ ಕಾರಣವಾದ ಲ್ಯಾಕ್ಟೋಸ್ ಸಕ್ಕರೆ ಎರಡರಲ್ಲಿಯೂ ಅಷ್ಟೇ ಇರುತ್ತದೆ. ಅಂಥವರಿಗೆ ಮೊಸರು, ಮಜ್ಜಿಗೆ ಮೇಲು.

ಕತ್ತೆ ಹಾಲು

ರಾಜ್ಯದ ಹಲವು ಊರುಗಳಲ್ಲಿ ಕತ್ತೆಯನ್ನು ಬೀದಿಗೆ ಹೊಡೆದುಕೊಂಡು ಬಂದು, ಬಾಗಿಲಲ್ಲಿಯೇ ಹಾಲು ಕರೆದು, ಒಳಲೆಯಲ್ಲಿ ಹಸುಗೂಸಿಗೆ ಕುಡಿಸುವ ರೂಢಿ ಇದೆ. ಕೆಮ್ಮು, ದಮ್ಮು ಬರುವುದಿಲ್ಲವೆಂದು ಹಿರಿಯರು ಹೇಳುವುದುಂಟು. ಕತ್ತೆ ಹಾಲಿನ ಸಂಯೋಜನೆಯು ಹಸುವಿನ ಹಾಲಿಗಿಂತ ತಾಯಿಯ ಹಾಲಿಗೆ ಹತ್ತಿರವೆಂಬುದು ಸತ್ಯವಾದರೂ, ಕಾಯಿಸದೆ, ತೊಳೆಯದ ಕೈ ಮತ್ತು ಪಾತ್ರೆಯ ಮೂಲಕ ಶಿಶುವಿನ ಬಾಯಿಗೆ ಹೋಗುವ ಹಾಲು ರೋಗಾಣುಗಳನ್ನೂ ಒಯ್ಯಬಲ್ಲದು. ವಾಂತಿ ಭೇದಿಯಾದ ಕೂಸು ಕೆಲವೇ ಗಂಟೆಗಳಲ್ಲಿ ನಿತ್ರಾಣವಾಗುತ್ತದೆ. ಮೊದಲ 6 ತಿಂಗಳು ತಾಯಿಯ ಹಾಲನ್ನು ಮಾತ್ರ ಕೊಡುವುದು. ಅಜ್ಜಿಯರ ಮಾತನ್ನು ಮೀರುವುದು ಮನೆಗಳಲ್ಲಿ ಸುಲಭವಲ್ಲವೆಂಬುದು ತಿಳಿದ ವಿಷಯವೇ. ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದು.

ಇತರೆ ಪ್ರಶ್ನೆಗಳು

ಅಭಿಷೇಕಕ್ಕೆ ಕಾಯಿಸದ ಹಾಲೇ ಬೇಕೆಂಬ ಸಂಪ್ರದಾಯಕ್ಕೆ ಆಕ್ಷೇಪವಿಲ್ಲ. ಅದನ್ನೇ ಪಂಚಾಮೃತವಾಗಿ ಸೇವಿಸುವುದಿದ್ದಲ್ಲಿ ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನು ಮನೆಯಲ್ಲಿ ಕಾಯಿಸದೆ ಬಳಸಬಹುದು. ಹೀಗೆ ಮಾಡಿದಲ್ಲಿ ಸಂಪ್ರದಾಯವೂ ಉಳಿಯುತ್ತದೆ. ಗಿಣ್ಣು ಹಾಲನ್ನು ನಮ್ಮಲ್ಲಿ ಹಬೆಯಲ್ಲಿ ಬೇಯಿಸಿಯೇ ತಿನ್ನುವುದರಿಂದ ಹೆಚ್ಚು ಹೇಳಬೇಕಾಗಿಲ್ಲ.

ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನು ಅಳೆಯುತ್ತದೆ. ಸಂಘದಲ್ಲಿ ಮಾಡುವ ಕೊಬ್ಬಿನ ಪರೀಕ್ಷೆ ದರ ನಿಗದಿಗಾಗಿ ಇರುವಂಥದ್ದು. ಇವೆರಡರಲ್ಲಿ ಯಾವುದೂ ರೋಗಾಣುವನ್ನು ತೋರಿಸುವುದಿಲ್ಲ.

ಹುಚ್ಚು ನಾಯಿ ಕಚ್ಚಿದ ಹಸುವಿನ ಹಾಲು ಕುಡಿದು ಇಡೀ ಬೀದಿಯವರು ಗಾಬರಿಯಾಗುವುದುಂಟು. ಕಾಯಿಸಿದ ಹಾಲು ಕುಡಿದವರಿಗೆ ಅಪಾಯವಿಲ್ಲ. ಹಸಿಯಾಗಿ ಕುಡಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣತಕ್ಕದ್ದು. ಅಂಥ ಹಸುವಿನ ಹಾಲನ್ನು ಬಳಸಬಾರದು, ಸಂಘಕ್ಕೂ ಹಾಕಬಾರದು.

ಹಾಲು ಉಕ್ಕಿದ ನಂತರ ಉರಿ ತಗ್ಗಿಸಿ, ಕೈಯಾಡಿಸುತ್ತಾ ಇನ್ನೂ ಒಂದೆರಡು ನಿಮಿಷ ಕಾಯಿಸಿದರೆ ಸಾಕು.

ಲಸಿಕೆ ಮತ್ತು ನೋಂದಣಿ

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಎಮ್ಮೆಗರುಗಳೂ ಸೇರಿದಂತೆ, ಕಂದು ಹಾಕುವ ರೋಗದ ವಿರುದ್ಧ ಉಚಿತವಾಗಿ ಲಸಿಕೆ ಹಾಕಲಾಗುತ್ತದೆ. ಜೀವಿತದಲ್ಲಿ ಒಮ್ಮೆ ಹಾಕಿಸಿದರೆ ಸಾಕು. ವಯಸ್ಸು ಮೀರಿದ ಮೇಲೆ ಬಂದು ಕೇಳುವವರೇ ಹೆಚ್ಚಾದ್ದರಿಂದ, ಕರು ಹುಟ್ಟಿದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು. ಲಸಿಕೆ ಹಾಕುವಾಗ 12 ಅಂಕಿಗಳ ಕಿವಿಯೋಲೆಯ ಸಂಖ್ಯೆಯನ್ನು ನಮೂದಿಸಲಾಗುವುದು. ಇದು ಜೀವಂತ ರೋಗಾಣುವಿನ ಲಸಿಕೆಯಾಗಿದ್ದು, ಮನುಷ್ಯರಿಗೆ ಚುಚ್ಚಿದರೆ ಅಪಾಯಕಾರಿ. ಆದುದರಿಂದ ಮಾಲೀಕರು ತಾವೇ ಹಾಕಲು ಯತ್ನಿಸಬಾರದು.

ಹಸು ಕಂದು ಹಾಕಿದಲ್ಲಿ ಕಂದು ಮತ್ತು ಮಾಸನ್ನು ಬರಿಗೈಯಿಂದ ಮುಟ್ಟದೆ, ನಾಯಿಗಳಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳುವುದು ಹಾಗೂ ಪಶು ಆಸ್ಪತ್ರೆಗೆ ತಿಳಿಸುವುದು. ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕಬಾರದು.

ಸಹಕಾರ ಸಂಘಕ್ಕೆ ಹಾಕದೆ ಮನೆ ಮನೆಗೆ ಹಾಲು ಮಾರುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ನೋಂದಣಿ ಪಡೆಯತಕ್ಕದ್ದು. ಅರ್ಜಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬಹುದಾಗಿದೆ. ಜಾನುವಾರುಗಳ ತುರ್ತು ಚಿಕಿತ್ಸೆಗೆ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.