ಹಿಂಸೆಯ ಗೇಮ್‌ಗೆ ತೆರಿಗೆ ಹಾಕಿದರೆ ಕಟ್ಟೋದು ಯಾರು?

ಗನ್ ಹಿಡಿದು ಕೊಲ್ಲುವ ಗೇಮ್‌ಗಳಿಗೆ ಜಾಸ್ತಿ ತೆರಿಗೆ ಹಾಕಿ, ಮಕ್ಕಳು ಆಡೋದು ತಾನಾಗೇ ಕಡಿಮೆ ಆಗುತ್ತೆ. ಈ ವಾದ ಆಗಾಗ ಕೇಳಿಬರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶೇ 10ರ ಪ್ರಸ್ತಾವ ಬಂದಿತ್ತು, ಕಾನೂನಾಗಲಿಲ್ಲ. ಮೆಕ್ಸಿಕೊ 2026ರ ಬಜೆಟ್‌ಗಾಗಿ ಶೇ 8 ಸೂಚಿಸಿತ್ತು. ಇದು ನಮ್ಮಲ್ಲಿ ನಡೆಯುತ್ತಾ?

ಈಗಿರುವ ತೆರಿಗೆ ಎಷ್ಟು?

ಬಿಜಿಎಂಐನಂಥ ಗೇಮ್ ಡೌನ್‌ಲೋಡ್ ಮಾಡಲು ದುಡ್ಡಿಲ್ಲ. ಒಳಗೆ ಸ್ಕಿನ್, ಯುಸಿ ಕೊಂಡರೆ ಶೇ 18 ಜಿಎಸ್‌ಟಿ ಬೀಳುತ್ತದೆ. ಅಂದರೆ ಒಂದು ರೂಪಾಯಿ ಖರ್ಚು ಮಾಡದೆ ದಿನಕ್ಕೆ ಆರು ಗಂಟೆ ಆಡುವ ಹುಡುಗನ ಮೇಲೆ ತೆರಿಗೆ ಸೊನ್ನೆ. ಅದನ್ನು ಶೇ 40 ಮಾಡಿದರೂ ಸೊನ್ನೆಯೇ. ಹುಟ್ಟುಹಬ್ಬಕ್ಕೆ ಒಂದು ಸ್ಕಿನ್ ಕೊಂಡವನು ಮಾತ್ರ ಹೆಚ್ಚು ಕಟ್ಟುತ್ತಾನೆ. ತೆರಿಗೆ ಬೀಳೋದು ದುಡ್ಡಿನ ಮೇಲೆ, ನಮ್ಮ ಚಿಂತೆ ಇರೋದು ಸಮಯದ ಬಗ್ಗೆ.

ಕರ್ನಾಟಕ ಒಂದೇ ಹಾಕಬಹುದಾ?

ಕಷ್ಟ. ಜಿಎಸ್‌ಟಿ ದರಕ್ಕೆ ಶಿಫಾರಸು ಮಾಡೋದು ಜಿಎಸ್‌ಟಿ ಮಂಡಳಿ. ಅಲ್ಲಿ ಕರ್ನಾಟಕ ಹಲವು ಸದಸ್ಯ ರಾಜ್ಯಗಳಲ್ಲಿ ಒಂದು. ಹಳೆಯ ಮನರಂಜನಾ ತೆರಿಗೆಯ ಅಧಿಕಾರ ಸಂವಿಧಾನದ 101ನೇ ತಿದ್ದುಪಡಿಯ ನಂತರ ಪಂಚಾಯಿತಿ, ಪಾಲಿಕೆಯಂಥ ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಮಾತ್ರ ಉಳಿದಿದೆ.

ಹಣದ ಗೇಮ್‌ಗಳ ಪಾಠ

ತೆರಿಗೆಯಿಂದ ಚಟ ಬಿಡಿಸುವ ಪ್ರಯೋಗಕ್ಕೆ ಹತ್ತಿರದ ಉದಾಹರಣೆ ನಮ್ಮಲ್ಲೇ ಇದೆ. 2021ರ ಅಕ್ಟೋಬರ್ 5ರಂದು ಜಾರಿಗೆ ಬಂದ ಕರ್ನಾಟಕ ಪೊಲೀಸ್ (ತಿದ್ದುಪಡಿ) ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನೇ ರದ್ದು ಮಾಡಿತು. ಕೌಶಲದ ಆಟವೂ ಜೂಜೂ ಒಂದೇ ಅಲ್ಲ ಎಂಬುದು ತೀರ್ಪಿನ ತಿರುಳು. ಆಮೇಲೆ 2023ರ ಅಕ್ಟೋಬರ್ 1ರಿಂದ ಆಟಗಾರ ಕಟ್ಟುವ ಪೂರ್ತಿ ಮೊತ್ತದ ಮೇಲೆ ಕೇಂದ್ರ ಶೇ 28 ಜಿಎಸ್‌ಟಿ ಹೇರಿತು. ಚಟ ನಿಂತಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಗೇಮ್‌ಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು. ಬಿಜಿಎಂಐಯಂಥ ಗೇಮ್‌ಗಳು ಆ ಕಾಯ್ದೆಯ ಗುರಿಯಲ್ಲ. ಅದು ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೇ ಕೊಡುತ್ತದೆ.

‘ಹಿಂಸೆ’ ಅಂತ ತೀರ್ಮಾನಿಸೋರು ಯಾರು?

ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, ‘ಎ’ ಸರ್ಟಿಫಿಕೇಟ್ ಇದೆ. ಗೇಮ್‌ಗೆ ನಮ್ಮಲ್ಲಿ ಅಂಥ ಶಾಸನಬದ್ಧ ಮಂಡಳಿ ಇಲ್ಲ. ಆ್ಯಪ್ ಸ್ಟೋರ್‌ನ ವಯಸ್ಸಿನ ಗುರುತೇ ಗತಿ. 2021ರಲ್ಲಿ ಬಿಜಿಎಂಐ ಬಂದಾಗ ರಕ್ತಕ್ಕೆ ಹಸಿರು ಬಣ್ಣ ಬಳಿದಿತ್ತು. ಹಸಿರು ರಕ್ತ ಹಿಂಸೆಯೋ ಅಲ್ಲವೋ? ಈ ಪ್ರಶ್ನೆಗೆ ಉತ್ತರ ಬರೆಯದೆ ತೆರಿಗೆ ಕಾನೂನು ಬರೆಯೋಕಾಗಲ್ಲ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 2022ರ ಜನವರಿ 1ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾದರೂ ನಿಲ್ಲಿಸಲಾಗದಿರುವುದು ಅದರ ಲಕ್ಷಣ. ಸಾಮಾನ್ಯವಾಗಿ 12 ತಿಂಗಳು ಹೀಗಿದ್ದರೆ ಕಾಯಿಲೆ. ಈ ಲಕ್ಷಣಗಳಲ್ಲಿ ಗನ್ ಎಲ್ಲೂ ಇಲ್ಲ. ಬಣ್ಣದ ಮಿಠಾಯಿ ಜೋಡಿಸುವ ಗೇಮ್‌ನಲ್ಲೂ ಹಿಡಿತ ತಪ್ಪಬಹುದು.

ಹಾಗಾದ್ರೆ ಅಪ್ಪ-ಅಮ್ಮನ ಜವಾಬ್ದಾರಿ?

ಖಂಡಿತ ಇದೆ. 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಯುಪಿಐ ಪಿನ್ ಮಕ್ಕಳ ಕೈಗೆ ಕೊಡಬಾರದು, ಖರೀದಿಗೆ ಪಾಸ್‌ವರ್ಡ್ ಇಡಬೇಕು, ಮಕ್ಕಳ ಖಾತೆಯಲ್ಲಿ ನಿಜವಾದ ವಯಸ್ಸು ಹಾಕಬೇಕು. 2023ರಲ್ಲಿ ವಾಪಸ್ ಬಂದಾಗ ಬಿಜಿಎಂಐ ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆ ಮಿತಿ ಇಟ್ಟಿತು. ಅಮ್ಮನ ಖಾತೆಯಲ್ಲಿ ಆಡಿದರೆ ಆ ಮಿತಿ ಇದ್ದೂ ಇಲ್ಲದಂತೆ.

ಆದರೆ ‘ಪೋಷಕರೇ ನೋಡ್ಕೊಳ್ಳಲಿ’ ಅಂತ ಕೈತೊಳೆದುಕೊಳ್ಳೋದು ಅನ್ಯಾಯ. ಜೆಪಿ ನಗರದ ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಸೆಟ್ಟಿಂಗ್ಸ್ ತಿಳಿದಿರಬಹುದು. ಅದೇ ಅಪಾರ್ಟ್‌ಮೆಂಟ್‌ನ ಸೆಕ್ಯುರಿಟಿ ಗಾರ್ಡ್ ರಾತ್ರಿ ಪಾಳಿಯಲ್ಲಿರುವಾಗ ಮನೆಯಲ್ಲಿರೋ ಒಂದೇ ಫೋನ್‌ನಲ್ಲಿ ಮಗ ಏನು ಆಡ್ತಿದ್ದಾನೆ ಅಂತ ನೋಡೋರು ಯಾರು? ಆಟಕ್ಕೆ ಬಯಲಿಲ್ಲದ ಬಡಾವಣೆಯಲ್ಲಿ ಫೋನ್ ಕಿತ್ತುಕೊಂಡರೆ ಬದಲಿಗೆ ಕೊಡೋದೇನು?

2023ರ ಡೇಟಾ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು ಅನ್ನುತ್ತದೆ. ಹೊಣೆಯನ್ನು ಕಂಪನಿಯ ಮೇಲೂ ಹೊರಿಸುವ ಇಂಥ ದಾರಿ ತೆರಿಗೆಗಿಂತ ನೇರ.

ಇನ್ನು ನೆರವು. ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ಶುರು ಮಾಡಿತು. ಬಿಟಿಎಂ ಲೇಔಟ್‌ನ ಅದರ ವೆಲ್‌ಬೀಯಿಂಗ್ ಕೇಂದ್ರ ಬನಶಂಕರಿಯವರಿಗೆ ಒಂದು ಬಸ್ಸಿನ ದೂರ, ರಾಯಚೂರಿನವರಿಗೆ ಒಂದು ರಾತ್ರಿಯ ಪ್ರಯಾಣ. ಹೊಸ ತೆರಿಗೆ ಕೇಳುವ ಮೊದಲು ಈಗಾಗಲೇ ವಸೂಲಾಗುತ್ತಿರುವ ಶೇ 18ರಲ್ಲಿ ಜಿಲ್ಲಾ ಆಸ್ಪತ್ರೆಗೊಬ್ಬ ಆಪ್ತಸಮಾಲೋಚಕರು ಯಾಕಿಲ್ಲ ಅಂತ ಕೇಳೋಣ.