ಪ್ರತಿಗಳ ಲೆಕ್ಕ: ವಿಕೇಂದ್ರಿತ ಆವೃತ್ತಿ ನಿಯಂತ್ರಣದಲ್ಲಿ ದತ್ತಾಂಶ ಮತ್ತು ಸಂರಚನೆ

ಕಂಪ್ಯೂಟರ್ ಬಳಸುವ ಒಬ್ಬ ವ್ಯಕ್ತಿಯ ಕಡತಗಳು ಇಂದು ಒಂದೇ ಯಂತ್ರದಲ್ಲಿ ಇರುವುದು ಅಪರೂಪ. ಕಚೇರಿಯ ಕಂಪ್ಯೂಟರು, ಲ್ಯಾಪ್‌ಟಾಪು, ಬಾಡಿಗೆಗೆ ಪಡೆದ ಸರ್ವರು, ಬೀರುವಿನಲ್ಲಿ ಇಟ್ಟ ಒಂದೆರಡು ಹಾರ್ಡ್‌ಡಿಸ್ಕು ಇವುಗಳ ನಡುವೆ ಅವು ಹಂಚಿಹೋಗಿರುತ್ತವೆ. ಇವುಗಳಲ್ಲಿ ಹಲವು ಬಹುಪಾಲು ಸಮಯ ಒಂದಕ್ಕೊಂದು ಸಂಪರ್ಕದಲ್ಲಿ ಇರುವುದೂ ಇಲ್ಲ. ಸಾಮಾನ್ಯ ಸಿಂಕ್ ಸೇವೆಗಳು ಒಂದು ಕೇಂದ್ರವನ್ನು ಒಪ್ಪಿಕೊಂಡು, ಎಲ್ಲ ಪ್ರತಿಗಳೂ ಅದರ ನೆರಳಾಗಿರಬೇಕೆಂದು ಬಯಸುತ್ತವೆ. ವಿಕೇಂದ್ರಿತ ಆವೃತ್ತಿ ನಿಯಂತ್ರಣವು ಇದೇ ಸಮಸ್ಯೆಗೆ ಬೇರೆ ದಾರಿ ಹಿಡಿಯುತ್ತದೆ. ಪ್ರತಿಗಳನ್ನು ಒಂದೇ ಸ್ಥಿತಿಯಲ್ಲಿ ಇಡುವುದಕ್ಕಿಂತ ಅವುಗಳ ಬಗೆಗಿನ ಅರಿವನ್ನು ಎಲ್ಲೆಡೆ ಹರಡುವುದರಲ್ಲಿ ಅದರ ನಿಜವಾದ ಶಕ್ತಿ ಇದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಡತಗಳಲ್ಲಿ ಕಾಲದಿಂದ ಕಾಲಕ್ಕೆ ಆಗುವ ಬದಲಾವಣೆಗಳನ್ನು ದಾಖಲಿಸಿ, ಹಿಂದಿನ ಯಾವುದೇ ಸ್ಥಿತಿಗೆ ಮರಳಲು ಅನುವು ಮಾಡಿಕೊಡುವ ತಂತ್ರಾಂಶವನ್ನು ಆವೃತ್ತಿ ನಿಯಂತ್ರಣ ವ್ಯವಸ್ಥೆ ಎನ್ನುತ್ತಾರೆ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಎಸ್‌ಸಿಸಿಎಸ್ ಮತ್ತು 1982ರ ಹೊತ್ತಿಗೆ ವಾಲ್ಟರ್ ಟಿಚಿ ರೂಪಿಸಿದ ಆರ್‌ಸಿಎಸ್ ಒಂದೇ ಯಂತ್ರದೊಳಗೆ ದುಡಿಯುತ್ತಿದ್ದವು. ನಂತರದ ಸಿವಿಎಸ್ ಮತ್ತು ಸಬ್‌ವರ್ಶನ್ ಚರಿತ್ರೆಯನ್ನು ಕೇಂದ್ರ ಸರ್ವರಿನಲ್ಲಿ ಇಟ್ಟು, ಬಳಕೆದಾರನಿಗೆ ಅದರ ಇತ್ತೀಚಿನ ರೂಪವನ್ನು ಮಾತ್ರ ಕೊಟ್ಟವು. 2005ರ ಏಪ್ರಿಲ್‌ನಲ್ಲಿ, ಲಿನಕ್ಸ್ ಕರ್ನೆಲ್ ಬೆಳೆಸುತ್ತಿದ್ದವರಿಗೆ ಉಚಿತವಾಗಿ ದೊರೆಯುತ್ತಿದ್ದ ಬಿಟ್‌ಕೀಪರ್ ಎಂಬ ವಾಣಿಜ್ಯ ತಂತ್ರಾಂಶದ ಪರವಾನಗಿ ಹಿಂತೆಗೆಯಲ್ಪಟ್ಟಾಗ, ಲಿನಸ್ ಟೋರ್ವಾಲ್ಡ್ಸ್ ಗಿಟ್ ಅನ್ನೂ ಮ್ಯಾಟ್ ಮ್ಯಾಕಲ್ ಮರ್ಕ್ಯುರಿಯಲ್ ಅನ್ನೂ ಅದೇ ತಿಂಗಳಲ್ಲಿ ಆರಂಭಿಸಿದರು. ಎರಡರಲ್ಲಿಯೂ ಪ್ರತಿಯೊಂದು ನಕಲು ಪೂರ್ಣ ಚರಿತ್ರೆಯನ್ನು ಹೊತ್ತಿರುತ್ತದೆ.

ಗಿಟ್ ತನ್ನೊಳಗಿನ ಪ್ರತಿ ವಸ್ತುವನ್ನೂ ಅದರ ಹೂರಣದಿಂದಲೇ ಗಣಿಸಿದ ಹ್ಯಾಶ್‌ನಿಂದ, ಅಂದರೆ ಬೈಟ್‌ಗಳ ಮೇಲೆ ಗಣಿತಕ್ರಿಯೆ ನಡೆಸಿ ಪಡೆದ 40 ಅಂಕಾಕ್ಷರಗಳ ಬೆರಳಚ್ಚಿನಿಂದ, ಗುರುತಿಸುತ್ತದೆ. ಪ್ರತಿ ಕಮಿಟ್, ಎಂದರೆ ದಾಖಲಾದ ಬದಲಾವಣೆ, ತನ್ನ ಹಿಂದಿನ ಕಮಿಟ್‌ನ ಹ್ಯಾಶನ್ನು ಒಳಗೊಂಡಿರುವುದರಿಂದ ಎರಡು ಭಂಡಾರಗಳು ತಿಂಗಳುಗಟ್ಟಲೆ ಬೇರೆಬೇರೆಯಾಗಿದ್ದು ಕೊನೆಗೆ ಒಂದು ಪೆನ್‌ಡ್ರೈವ್ ಮೂಲಕ ಭೇಟಿಯಾದರೂ ತಮ್ಮ ಸಮಾನ ಪೂರ್ವಜವನ್ನು ಕಂಡುಕೊಳ್ಳಬಲ್ಲವು. ಒಯ್ಯಬಹುದಾದ ದತ್ತಾಂಶಕ್ಕೆ ಬೇಕಾದ ಗುಣ ಇದೇ ಆದರೂ ಗಿಟ್ ರೂಪುಗೊಂಡದ್ದು ಪ್ರೋಗ್ರಾಮುಗಳ ಮೂಲಪಠ್ಯಕ್ಕಾಗಿ. ಆ ಮೂಲದ ಗುರುತುಗಳು ಬೇರೆ ಬಳಕೆಗಳಲ್ಲಿ ತೊಡಕಾಗಿ ಎದ್ದು ಕಾಣುತ್ತವೆ.

ಮೊದಲ ತೊಡಕು ಸಂರಚನೆಯಲ್ಲಿ ಎದುರಾಗುತ್ತದೆ. ಲಿನಕ್ಸ್ ಯಂತ್ರವೊಂದರ ನಡವಳಿಕೆಯನ್ನು ನಿರ್ಧರಿಸುವ ಪಠ್ಯಕಡತಗಳು ‘ಇಟಿಸಿ’ ಎಂಬ ಡೈರೆಕ್ಟರಿಯಲ್ಲಿ ಇರುತ್ತವೆ. ಗಿಟ್ ಒಂದು ಕಡತವನ್ನು ಚಾಲನೆ ಮಾಡಬಹುದೇ ಇಲ್ಲವೇ ಎಂಬುದನ್ನು ಮಾತ್ರ ನೆನಪಿಡುತ್ತದೆ. ಅದರ ಒಡೆಯ ಯಾರು, ಓದುವ ಅನುಮತಿ ಯಾರಿಗಿದೆ ಎಂಬುದನ್ನು ಮರೆತುಬಿಡುತ್ತದೆ, ಖಾಲಿ ಡೈರೆಕ್ಟರಿಗಳನ್ನಂತೂ ಗಮನಿಸುವುದೇ ಇಲ್ಲ. ಗುಪ್ತಪದಗಳ ಹ್ಯಾಶ್‌ಗಳನ್ನು ಇಟ್ಟುಕೊಂಡಿರುವ ‘ಶ್ಯಾಡೋ’ ಕಡತವನ್ನು ಬರಿಯ ಗಿಟ್‌ನಿಂದ ಮರುಸ್ಥಾಪಿಸಿದರೆ ಅದು ಯಂತ್ರದ ಎಲ್ಲ ಬಳಕೆದಾರರ ಕಣ್ಣಿಗೂ ಬೀಳುವ ಸಾಧ್ಯತೆ ಇದೆ. ಡೆಬಿಯನ್ ಬಳಗದಲ್ಲಿ ದೀರ್ಘಕಾಲ ದುಡಿದ ಜೋಯಿ ಹೆಸ್ 2007ರಲ್ಲಿ ಬರೆದ ಎಟ್ಸಿಕೀಪರ್ ಈ ಕೊರತೆಯನ್ನು ಸರಳವಾಗಿ ತುಂಬುತ್ತದೆ: ಪ್ರತಿ ಕಮಿಟ್‌ಗೆ ಮುನ್ನ ಅನುಮತಿಗಳನ್ನೂ ಒಡೆತನವನ್ನೂ ಮರುಹೊಂದಿಸುವ ಆದೇಶಗಳನ್ನು ಒಂದು ಪಠ್ಯಕಡತದಲ್ಲಿ ಬರೆದು, ಅದನ್ನೂ ಚರಿತ್ರೆಯ ಭಾಗವಾಗಿಸುತ್ತದೆ. ಇದಕ್ಕಿಂತ ಮುಖ್ಯವಾದುದು, ಅದು ‘ಆಪ್ಟ್’ನಂತಹ ಪ್ಯಾಕೇಜ್ ನಿರ್ವಾಹಕಕ್ಕೆ ಕೊಂಡಿ ಹಾಕಿಕೊಂಡು, ಹೊಸ ತಂತ್ರಾಂಶ ಸ್ಥಾಪನೆಯಾಗುವ ಮುನ್ನವೂ ನಂತರವೂ ತಾನಾಗಿ ಕಮಿಟ್ ಮಾಡುವುದು. ಆಡಳಿತಗಾರ ಕೈಯಾರೆ ತಿದ್ದಿದ್ದು ಯಾವುದು, ಅಪ್‌ಗ್ರೇಡ್ ತಂದ ಬದಲಾವಣೆ ಯಾವುದು ಎಂಬುದು ಇದರಿಂದ ಬೇರ್ಪಟ್ಟು ತಿಳಿಯುತ್ತದೆ. ಎಟ್ಸಿಕೀಪರ್ ಅನ್ನು ಬ್ಯಾಕಪ್ ಸಾಧನವೆಂದು ಬಗೆಯುವುದು ವಾಡಿಕೆಯಾದರೂ, ಅದು ಬ್ಯಾಕಪ್ ಅಲ್ಲ, ದಿನಚರಿ. ಅದೇ ಕಾರಣಕ್ಕೆ ಎರಡು ಯಂತ್ರಗಳ ‘ಇಟಿಸಿ’ ಶಾಖೆಗಳನ್ನು ವಿಲೀನಗೊಳಿಸುವ ಪ್ರಯತ್ನ ಬಹುಮಟ್ಟಿಗೆ ವ್ಯರ್ಥ; ಹೋಸ್ಟ್‌ನೇಮ್, ಡಿಸ್ಕ್‌ಗಳ ಗುರುತುಸಂಖ್ಯೆ, ಜಾಲದ ವಿಳಾಸ ಇವೆಲ್ಲ ಆಯಾ ಯಂತ್ರಕ್ಕೇ ಸೇರಿದವು.

ಬಳಕೆದಾರನ ಸ್ವಂತ ಹೋಮ್ ಡೈರೆಕ್ಟರಿಯ ಸೆಟ್ಟಿಂಗ್ ಕಡತಗಳ ಮಾತು ಬೇರೆ. ಅವು ಎಲ್ಲ ಯಂತ್ರಗಳಲ್ಲಿ ಒಂದೇ ಆಗಿರಲಿ ಎಂಬುದೇ ಅಲ್ಲಿನ ಬಯಕೆ, ಮತ್ತು ಒಂದೇ ಡೈರೆಕ್ಟರಿಯಲ್ಲಿ ಹಲವು ಗಿಟ್ ಭಂಡಾರಗಳನ್ನು ಇರಿಸುವ ವಿಸಿಎಸ್‌ಎಚ್, ಸಾಂಕೇತಿಕ ಕೊಂಡಿಗಳನ್ನು ನೆಡುವ ಗ್ನೂ ಸ್ಟೋ ಇದಕ್ಕೆ ಸಾಕಾಗುತ್ತವೆ. ಎರಡೂ ಸಂದರ್ಭಗಳಲ್ಲಿ ಅಪಾಯ ಒಂದೇ: ಖಾಸಗಿ ಕೀಲಿಯೊಂದು ಒಮ್ಮೆ ಕಮಿಟ್ ಆಗಿ ಬೇರೆಡೆಗೆ ನಕಲಾದರೆ, ಮುಂದಿನ ಕಮಿಟ್‌ನಲ್ಲಿ ಅದನ್ನು ಅಳಿಸಿದರೂ ಚರಿತ್ರೆಯಲ್ಲಿ ಉಳಿದಿರುತ್ತದೆ. ಚರಿತ್ರೆಯನ್ನು ತಿದ್ದಿ ಬರೆಯುವುದಕ್ಕಿಂತ ಕೀಲಿಯನ್ನೇ ಬದಲಿಸುವುದು ಆಗ ಸುರಕ್ಷಿತ.

ಎರಡನೆಯ ತೊಡಕು ಗಾತ್ರದ್ದು. ಧ್ವನಿಮುದ್ರಣ, ಛಾಯಾಚಿತ್ರ, ಸ್ಕ್ಯಾನ್ ಮಾಡಿದ ಪುಟಗಳಂತಹ ದೊಡ್ಡ ಕಡತಗಳನ್ನು ಗಿಟ್‌ಗೆ ಸೇರಿಸಿದರೆ ಪ್ರತಿಯೊಂದು ಆವೃತ್ತಿಯೂ ಪ್ರತಿಯೊಂದು ನಕಲಿನಲ್ಲಿ ಕುಳಿತುಕೊಳ್ಳುತ್ತದೆ, ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕ್ ಬೇಗ ತುಂಬುತ್ತದೆ. ಜೋಯಿ ಹೆಸ್ 2010ರಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲಿ ಬರೆಯತೊಡಗಿದ ಗಿಟ್-ಅನೆಕ್ಸ್ ಇಲ್ಲಿ ಒಂದು ದಿಟ್ಟ ಬೇರ್ಪಡೆ ಮಾಡುತ್ತದೆ. ಕಡತದ ಹೆಸರು ಮತ್ತು ಹೂರಣದ ಕೀಲಿ, ಅಂದರೆ ಗಾತ್ರ ಮತ್ತು ಹ್ಯಾಶ್‌ಗಳಿಂದಾದ ಗುರುತು, ಗಿಟ್‌ನ ಒಳಗೆ ಇರುತ್ತವೆ; ಹೂರಣ ಮಾತ್ರ ಗಿಟ್‌ನ ಚರಿತ್ರೆಯಿಂದ ಹೊರಗೆ ಉಳಿದು, ಇರಬಹುದಾದ ಕಡೆ ಇರುತ್ತದೆ, ಇಲ್ಲದ ಕಡೆ ಇರುವುದಿಲ್ಲ. ಹೀಗಾಗಿ ಲ್ಯಾಪ್‌ಟಾಪಿನಲ್ಲಿ ಇಡೀ ಸಂಗ್ರಹದ ಡೈರೆಕ್ಟರಿ ವಿನ್ಯಾಸವನ್ನು ನೋಡಬಹುದು, ಹೆಸರು ಬದಲಿಸಬಹುದು, ಬೇರೆ ಜಾಗಕ್ಕೆ ಸರಿಸಬಹುದು, ಆದರೆ ಅದರಲ್ಲಿ ನಿಜವಾಗಿ ಇರುವುದು ಸದ್ಯಕ್ಕೆ ಬೇಕಾದ ಕೆಲವೇ ಕಡತಗಳು.

ಯಾವ ಕೀಲಿಯ ಹೂರಣ ಯಾವ ಭಂಡಾರದಲ್ಲಿದೆ ಎಂಬ ಲೆಕ್ಕವನ್ನು ‘ಗಿಟ್-ಅನೆಕ್ಸ್’ ಎಂಬ ಪ್ರತ್ಯೇಕ ಶಾಖೆ ಇಟ್ಟುಕೊಳ್ಳುತ್ತದೆ. ಅಲ್ಲಿನ ಒಂದೊಂದು ಸಾಲಿನಲ್ಲಿ ಸಮಯ, ‘ಇದೆ’ ಎಂಬುದಕ್ಕೆ 1 ಅಥವಾ ‘ಇಲ್ಲ’ ಎಂಬುದಕ್ಕೆ 0, ಮತ್ತು ಭಂಡಾರದ ಗುರುತುಸಂಖ್ಯೆ ಇರುತ್ತವೆ. ಎರಡು ಭಂಡಾರಗಳು ಭೇಟಿಯಾದಾಗ ಈ ಸಾಲುಗಳನ್ನು ಸುಮ್ಮನೆ ಒಟ್ಟುಗೂಡಿಸಿ, ಒಂದೊಂದು ಭಂಡಾರದ ಬಗ್ಗೆ ಇತ್ತೀಚಿನ ಸಾಲನ್ನು ನಂಬಿದರೆ ಸಾಕು. ವಿಲೀನದಲ್ಲಿ ಸಂಘರ್ಷವೇ ಹುಟ್ಟದು. ಮೂಲಪಠ್ಯದ ವಿಲೀನದಲ್ಲಿ ಮನುಷ್ಯರ ತೀರ್ಮಾನ ಬೇಕಾಗುವ ಜಾಗದಲ್ಲಿ ಇಲ್ಲಿ ಯಾಂತ್ರಿಕ ನಿಯಮವೇ ಸಾಕಾಗುವುದು ಈ ವಿನ್ಯಾಸದ ಅತ್ಯಂತ ಅಚ್ಚುಕಟ್ಟಾದ ಭಾಗ ಎನ್ನಬಹುದು.

ಆದರೆ ಲೆಕ್ಕ ಹಳೆಯದಾಗಿರಬಹುದು. ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಇದೆ ಎಂದು ಲ್ಯಾಪ್‌ಟಾಪ್ ನಂಬಿರುವಾಗ ಆ ಡಿಸ್ಕಿನಿಂದ ಅದು ಅಳಿಸಿಹೋಗಿರಬಹುದು. ಆದ್ದರಿಂದ ಹೂರಣವನ್ನು ತೆಗೆದುಹಾಕುವ ‘ಡ್ರಾಪ್’ ಆದೇಶ, ಸಾಮಾನ್ಯ ಸ್ಥಿತಿಯಲ್ಲಿ, ಲೆಕ್ಕವನ್ನಷ್ಟೇ ನೋಡಿ ಒಪ್ಪುವುದಿಲ್ಲ. ಬೇರೆ ಭಂಡಾರಗಳನ್ನು ಸಂಪರ್ಕಿಸಿ, ನಿಗದಿಯಾದಷ್ಟು ಪ್ರತಿಗಳು ಅಲ್ಲಿ ಇವೆ ಎಂದು ಖಾತ್ರಿಪಡಿಸಿಕೊಂಡ ಮೇಲೆಯೇ ಅಳಿಸುತ್ತದೆ. ಇಲ್ಲಿಯೂ ಒಂದು ಸೂಕ್ಷ್ಮ ಉಳಿಯುತ್ತದೆ: ಎರಡು ಭಂಡಾರಗಳು ಒಂದೇ ಕ್ಷಣದಲ್ಲಿ ‘ಇನ್ನೊಂದರಲ್ಲಿ ಇದೆಯಲ್ಲ’ ಎಂದು ತಮ್ಮತಮ್ಮ ಪ್ರತಿಯನ್ನು ಅಳಿಸಿಕೊಂಡರೆ ಕೊನೆಗೆ ಏನೂ ಉಳಿಯದು. ಹೀಗಾಗದಂತೆ ತಡೆಯಲು, ಪರಿಶೀಲನೆ ನಡೆಯುವಷ್ಟು ಹೊತ್ತು ಎದುರು ಭಂಡಾರದ ಹೂರಣಕ್ಕೆ ಬೀಗ ಹಾಕುವ ಕ್ರಮ ನಂತರ ಸೇರಿತು.

ಹೆಸರು ಮತ್ತು ಹೂರಣ ಬೇರೆಯಾದುದರ ಉಪಯೋಗ ಕನ್ನಡದ ಕಡತಗಳಲ್ಲಿ ಚೆನ್ನಾಗಿ ಗೋಚರಿಸುತ್ತದೆ. ‘ಕೋಟೆ’ ಎಂಬ ಹೆಸರಿನಲ್ಲಿ ‘ಕೋ’ದ ಓಕಾರ ಚಿಹ್ನೆಯನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿಯೂ ಬರೆಯಲು ಬಿಡುತ್ತದೆ. ಮ್ಯಾಕ್ ಯಂತ್ರಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಹೆಸರನ್ನು ಬಿಡಿಸಿದ ರೂಪದಲ್ಲಿ ಇಡುತ್ತದೆ, ಲಿನಕ್ಸ್ ಕೊಟ್ಟ ರೂಪದಲ್ಲಿಯೇ ಇಡುತ್ತದೆ. ಕಣ್ಣಿಗೆ ಒಂದೇ ಆದ ಹೆಸರು ಗಿಟ್‌ಗೆ ಎರಡಾಗಿ ತೋರುವುದು ಹೀಗೆ, ಮತ್ತು ಮ್ಯಾಕ್‌ನಲ್ಲಿ ಹೆಸರುಗಳನ್ನು ಮತ್ತೆ ಕೂಡಿಸುವ ಆಯ್ಕೆಯೊಂದನ್ನು ಗಿಟ್‌ಗೆ ಸೇರಿಸಬೇಕಾಯಿತು. ಗಿಟ್-ಅನೆಕ್ಸ್‌ನಲ್ಲಿ ಕೂಡ ಹೆಸರಿನ ಗೊಂದಲ ತಪ್ಪದು, ಆದರೆ ಎರಡೂ ಹೆಸರುಗಳು ಒಂದೇ ಕೀಲಿಯನ್ನು ತೋರುವುದರಿಂದ ಹೂರಣ ಎರಡು ಬಾರಿ ಸಂಗ್ರಹವಾಗುವುದಿಲ್ಲ. ಇದಲ್ಲದೆ, ಗಿಟ್ ಮೂಲತಃ ಕನ್ನಡ ಹೆಸರುಗಳನ್ನು ಪರದೆಯಲ್ಲಿ ಬೈಟ್‌ಗಳಾಗಿ ತೋರಿಸುತ್ತದೆ. ‘ಕ’ ಎಂಬ ಒಂದು ಅಕ್ಷರ \340\262\225 ಎಂದು ಮೂಡುತ್ತದೆ. ಒಂದು ಸೆಟ್ಟಿಂಗ್ ಬದಲಿಸಿದರೆ ಇದು ಸರಿಹೋಗುವುದಾದರೂ ಅದು ಮೊದಲಿನಿಂದಲೇ ಹಾಗಿರಬಾರದಿತ್ತೇ ಎಂದು ಕೇಳುವುದು ತಪ್ಪಲ್ಲ.

ಲೆಕ್ಕ ಎಷ್ಟು ನಿಖರವಾಗಿದ್ದರೂ ಒಂದು ಸಂಗತಿಯನ್ನು ಯಂತ್ರ ತಾನಾಗಿ ತಿಳಿಯಲಾರದು. ತಿಂಗಳುಗಳಿಂದ ಜೋಡಿಸದ ಹಾರ್ಡ್‌ಡಿಸ್ಕು ಬೀರುವಿನಲ್ಲಿಯೇ ಇದೆಯೋ ಕೆಟ್ಟುಹೋಗಿದೆಯೋ ಕಳುವಾಗಿದೆಯೋ ಎಂಬುದು ಅದರ ಮೌನದಿಂದ ಗೊತ್ತಾಗುವುದಿಲ್ಲ. ಹಾಗಾಗಿ ಗಿಟ್-ಅನೆಕ್ಸ್ ಪ್ರತಿ ಭಂಡಾರಕ್ಕೂ ಒಂದು ನಂಬಿಕೆಯ ದರ್ಜೆಯನ್ನು ಬಳಕೆದಾರನಿಂದಲೇ ಕೇಳುತ್ತದೆ: ಅರೆನಂಬಿಕೆ ಸಹಜ ಸ್ಥಿತಿ, ಪೂರ್ಣ ನಂಬಿಕೆ ಎಂದರೆ ಪರಿಶೀಲನೆ ಇಲ್ಲದೆ ಪ್ರತಿಯನ್ನು ಎಣಿಕೆಗೆ ತೆಗೆದುಕೊಳ್ಳುವುದು, ಅಪನಂಬಿಕೆ ಎಂದರೆ ಪ್ರತಿ ಇದ್ದರೂ ಎಣಿಸದಿರುವುದು. ಡಿಸ್ಕ್ ಶಾಶ್ವತವಾಗಿ ಹೋಯಿತು ಎಂದು ಖಚಿತವಾದಾಗ ಅದನ್ನು ‘ಡೆಡ್’ ಎಂದು ಘೋಷಿಸಬೇಕಾದವನು ಬಳಕೆದಾರನೇ. ಆ ಘೋಷಣೆ ಒಂದು ಕಮಿಟ್ ಆಗಿ ಉಳಿದ ಭಂಡಾರಗಳಿಗೂ ಹರಡಿದ ಬಳಿಕ, ಆ ಡಿಸ್ಕಿನ ಪ್ರತಿಗಳು ಅವುಗಳ ಲೆಕ್ಕದಿಂದಲೂ ಬಿಟ್ಟುಹೋಗುತ್ತವೆ.