ಎತ್ತರದ ನಗರವನ್ನು ಬಯಸಿದ ಹಾಡು

ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟನನ್ನು ನೀವು ನೋಡಿರಬಹುದು. ಅಜಿಲ ಮನೆತನದ ತಿಮ್ಮರಾಜನು ಅದನ್ನು ಸ್ಥಾಪಿಸಿದ್ದು 1604ರಲ್ಲಿ. ಅದಾದ 22 ವರ್ಷಕ್ಕೆ, 1626ರಲ್ಲಿ, ಜರ್ಮನಿಯ ಕೋಬುರ್ಗ್ ಪಟ್ಟಣದಲ್ಲಿ ಒಂದು ಪ್ರವಚನ ಗ್ರಂಥ ಅಚ್ಚಾಯಿತು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಆ ಗ್ರಂಥದೊಳಗಿದ್ದ ಹಾಡಿನಂಥ ಹಾಡುಗಳು ಎರಡು ಶತಮಾನ ಕಳೆದ ಮೇಲೆ ಹಡಗೇರಿ ತುಳುನಾಡಿಗೆ ಬಂದವು. ಹಾಗೆ ಬಂದುದರಿಂದ ಕನ್ನಡಕ್ಕೆ ಏನಾಯಿತೆಂಬುದು ತಿಳಿಯತಕ್ಕ ಸಂಗತಿ.

ಗ್ರಂಥವನ್ನು ಬರೆದವನು ಯೋಹಾನ್ ಮತ್ತೇಯುಸ್ ಮೈಫಾರ್ಟ್. ಕೋಬುರ್ಗಿನ ವಿದ್ಯಾಲಯದ ಮುಖ್ಯಸ್ಥ. ಮರಣ, ಅಂತಿಮ ನ್ಯಾಯತೀರ್ಪು, ನಿತ್ಯಜೀವ, ನರಕ ಎಂಬ ನಾಲ್ಕು ವಿಷಯಗಳ ಮೇಲೆ ನಾಲ್ಕು ಪ್ರವಚನಗಳು. ನಿತ್ಯಜೀವದ ಆನಂದವನ್ನು ವರ್ಣಿಸುವ ಮೂರನೆಯದರ ಕೊನೆಗೆ ಗದ್ಯ ಸಾಲದಾಗಿ ಅವನು ಪದ್ಯಕ್ಕೆ ತಿರುಗಿದ. ಎತ್ತರದಲ್ಲಿ ಕಟ್ಟಿದ ಯೆರೂಸಲೇಮ್ ನಗರವನ್ನು ಕೂಗಿ ಕರೆದು, ತನ್ನ ಮನಸ್ಸು ಈಗಾಗಲೇ ಬೆಟ್ಟ ಬಯಲುಗಳನ್ನು ದಾಟಿ ಅಲ್ಲಿಗೆ ಹೊರಟಿದೆ ಎಂದು ಹೇಳುವ ಹಾಡು ಅದು. ಜರ್ಮನ್ ಭಾಷೆಯಲ್ಲಿ ಪರಲೋಕದ ಹಂಬಲವನ್ನು ಹಾಡಿದ ಕೀರ್ತನೆಗಳಲ್ಲಿ ಇದಕ್ಕಿಂತ ಹೆಸರಾದುದು ಕಡಿಮೆ.

ಯುದ್ಧದಿಂದ ಪಾಳುಬಿದ್ದ ಊರಿನ ಗೋಳು ಈ ಹಾಡಾಯಿತೆಂದು ಹೇಳಿಬಿಡುವುದು ಸುಲಭ. ಇಸವಿಗಳನ್ನು ಜೋಡಿಸಿ ನೋಡಿದರೆ ವಿಷಯ ಹಾಗಿಲ್ಲ. ಮೂವತ್ತು ವರ್ಷಗಳ ಯುದ್ಧ 1618ರಲ್ಲೇ ತೊಡಗಿತ್ತು, ನಿಜ. ಆದರೆ ವಾಲೆನ್‌ಸ್ಟೈನನ ಸೇನೆ ಕೋಬುರ್ಗಿಗೆ ನುಗ್ಗಿದ್ದು 1632ರಲ್ಲಿ, ಹಾಡು ಹುಟ್ಟಿ ಆರು ವರ್ಷಗಳ ಮೇಲೆ. ಮೈಫಾರ್ಟ್ ಕಂಡಿದ್ದ ಇನ್ನೊಂದು ಭಯವೂ ಇತ್ತು. ಮಾಟಗಾತಿಯರೆಂಬ ಆರೋಪ ಹೊರಿಸಿ, ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದು, ಹೆಂಗಸರನ್ನು ಸುಡುತ್ತಿದ್ದ ಕಾಲವದು. 1630ರ ದಶಕದಲ್ಲಿ ಅವನು ಆ ವಿಚಾರಣೆಗಳ ವಿರುದ್ಧ ಪುಸ್ತಕವನ್ನೇ ಬರೆದ. ಪರಲೋಕವನ್ನು ಬಯಸಿದವನು ಇಹಲೋಕದ ಅನ್ಯಾಯಕ್ಕೆ ಕಣ್ಣು ಮುಚ್ಚಿಕೊಂಡಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1642ರಲ್ಲಿ ಎರ್ಫುರ್ಟಿನಲ್ಲಿ ತೀರಿಕೊಂಡ. ಇಂದು ಆ ಪದ್ಯಕ್ಕೆ ಹಾಡುವ ರಾಗ ಅಚ್ಚಿನಲ್ಲಿ ಕಾಣಿಸಿದ್ದು 1663ರಲ್ಲಿ. ತನ್ನ ಹಾಡನ್ನು ಆ ರಾಗದಲ್ಲಿ ಅಚ್ಚಾಗಿ ನೋಡುವ ಯೋಗ ಅವನಿಗಿರಲಿಲ್ಲ.

ಅದೇ ಯುದ್ಧದಲ್ಲಿ ಅರ್ಧಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಸೀಮೆ ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್. ಮನೆಮನೆಯಲ್ಲಿ ಕೂಡಿ ಹಾಡಿ ಪ್ರಾರ್ಥಿಸುವ ಪಂಗಡಗಳು ಅಲ್ಲಿ ಮುಂದೆ ಬೇರೂರಿದವು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿಗೆ ಬಹಳಷ್ಟು ಜನ ಸೇರಿದ್ದು ಆ ಸೀಮೆಯಿಂದಲೇ. 1834ರ ಅಕ್ಟೋಬರಿನಲ್ಲಿ ಮಿಶನ್ನಿನ ಮೊದಲ ಮೂವರು ಮಂಗಳೂರಿನಲ್ಲಿ ಇಳಿದರು. 1841ರಲ್ಲಿ ಮುದ್ರಣಾಲಯ ಬಂತು. ಜರ್ಮನ್ ಕೀರ್ತನೆಗಳು ಕನ್ನಡಕ್ಕೂ ತುಳುವಿಗೂ ತಿರುಗಿದವು. ಮಾತು ನಮ್ಮದು, ರಾಗ ಅವರದು.

ತೊಡಕು ಹುಟ್ಟಿದ್ದು ಇಲ್ಲಿಯೇ. ಮೊದಲನೆಯದು ಪದದ ತೊಡಕು. ಸ್ವರ್ಗವೆಂದರೆ ಮೂಡುಬಿದಿರೆಯ ಜೈನ ಶ್ರಾವಕನಿಗೆ ಪುಣ್ಯ ಸವೆಯುವವರೆಗಿನ ತಂಗುದಾಣ, ಗುರಿಯೇನಿದ್ದರೂ ಮೋಕ್ಷ. ತುಳು ಪಾಡ್ದನಗಳ ವೀರರೋ ಕಾಯ ಬಿಟ್ಟು ಮಾಯ ಸೇರುತ್ತಾರೆ. ಅವರು ನಗರವನ್ನು ಅರಸಿ ದೂರ ಹೋಗುವುದಿಲ್ಲ, ಕಾಣದಂತಾಗಿ ಇಲ್ಲಿಯೇ ಇರುತ್ತಾರೆ. ಕನ್ನಡ ಬೈಬಲಿನಲ್ಲಿ ‘ಪರಲೋಕ’ ಎಂಬ ಮಾತು ನೆಲೆನಿಂತಿತು. ನನಗನ್ನಿಸುವಂತೆ ಅದು ಒಳ್ಳೆಯ ಆಯ್ಕೆ.

ಎರಡನೆಯ ತೊಡಕು ಇನ್ನೂ ಬಲವಾದುದು. ಜರ್ಮನ್ ಪದ್ಯ ನಡೆಯುವುದು ಒತ್ತಿನ ಮೇಲೆ. ಇಂಥ ಹಾಡುಗಳಲ್ಲಿ ಮೊದಲ ಅಕ್ಷರ ಹಗುರ, ಎರಡನೆಯದು ಭಾರ. ನಮ್ಮ ಪದ್ಯ ನಡೆಯುವುದು ಲಘು ಗುರುಗಳ ಮಾತ್ರೆಯ ಮೇಲೆ, ಮತ್ತು ನಮ್ಮ ಮಾತಿನಲ್ಲಿ ಪದದ ಮೊದಲ ಅಕ್ಷರಕ್ಕೇ ತೂಕ. ‘ಪರಲೋಕ’ ಎಂಬುದನ್ನು ಆ ರಾಗಕ್ಕೆ ಕೂಡಿಸಿ ಹಾಡಿ ನೋಡಿ: ‘ಪ’ ಜಾರಿಹೋಗಿ ‘ರ’ ಎದ್ದು ನಿಲ್ಲುತ್ತದೆ. ಭಕ್ತಿ ಎಷ್ಟಿದ್ದರೂ ಕಿವಿ ಒಪ್ಪಬೇಕಲ್ಲ! ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ಬರೆದದ್ದು ಹಾಡಲಿಕ್ಕೆಂದೇ, ಆ ಕಿವಿಗೆ ಇದು ಒಗ್ಗದು.

ಇದನ್ನು ಚೆನ್ನಾಗಿ ಅರಿತವನು 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್. ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲೇ ಹೇಳಲು ಹೊರಟು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದ. ಅವನಿಗಿಂತ ಮೊದಲೇ, 1850ರಲ್ಲಿ, ಹೆರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದ. ಕಿಟ್ಟೆಲ್ ಹಾಡು ಬರೆಯುವುದಕ್ಕಷ್ಟೇ ನಿಲ್ಲಲಿಲ್ಲ. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದ, 1894ರಲ್ಲಿ ಆತನ ದೊಡ್ಡ ನಿಘಂಟು ಹೊರಬಂತು. ನಿಘಂಟಿನ ಕಿಟ್ಟೆಲನನ್ನು ಎಲ್ಲರೂ ಬಲ್ಲರು, ಹಾಡಿನ ಕಿಟ್ಟೆಲನನ್ನು ಬಲ್ಲವರು ಕಡಿಮೆ.

ಆದರೂ ಜರ್ಮನ್ ರಾಗಗಳು ಹೋಗಲಿಲ್ಲ. ಕರಾವಳಿಯ ಪ್ರೊಟೆಸ್ಟೆಂಟ್ ದೇವಾಲಯಗಳಲ್ಲಿ ತಲೆಮಾರುಗಳು ಅವುಗಳಲ್ಲೇ ಮದುವೆಯಾದವು, ಅವುಗಳಲ್ಲೇ ಸತ್ತವರನ್ನು ಕಳುಹಿಸಿದವು. ಮಾತ್ರೆ ತಪ್ಪಿದ ಹಾಡೂ ಅಜ್ಜಿಯ ಬಾಯಿಂದ ಕೇಳಿದಾಗ ಸ್ವಂತದ್ದಾಗುತ್ತದೆ. ಕುಂಟುತ್ತಲೇ ಆದರೂ, ಚಿಕ್ಕ ಚಿಕ್ಕ ಚರಣಗಳ ಹೊಸ ಬಗೆಯ ಪದ್ಯವನ್ನು ಕನ್ನಡದಲ್ಲಿ ಮೊದಲು ಪಳಗಿಸಿದ ಕೆಲಸಗಳಲ್ಲಿ ಈ ಕೀರ್ತನೆಗಳೂ ಸೇರುತ್ತವೆ. ‘ನಾಗರಹಾವೆ’ ಪದ್ಯದ ಪಂಜೆ ಮಂಗೇಶರಾಯರು ಬಂಟ್ವಾಳದಲ್ಲಿ ಹುಟ್ಟಿದ್ದು 1874ರಲ್ಲಿ, ‘ಛಂದೋಂಬುಧಿ’ ಅಚ್ಚಾಗುವ ಹಿಂದಿನ ವರ್ಷ. ಅವರ ಪದ್ಯಗಳಲ್ಲೂ ಚರಣ ಚಿಕ್ಕದು, ಬಗೆ ಹೊಸದು. ಆದರೆ ಒತ್ತು ಬೀಳುವುದು ಕನ್ನಡದ ಮಗು ಕೈತಟ್ಟುವಲ್ಲಿಯೇ.